ರಾಯಚೂರು ಬಿಸಿಲು ಕಂಡವರಿಗೆ ಥಾರ್ ಏನು ಮಹಾ?

ಪ್ರಶ್ನೆ: ನಾವಿಬ್ಬರು ಗೆಳೆಯರು, ಸಿಂಧನೂರಿನವರು. ನನ್ನ ಬೈಕು ಕ್ಲಾಸಿಕ್ 350, ಅವನದು ಪಲ್ಸರ್ 150. ಅವನು ಮೇಷ್ಟ್ರು. ಹಾಗಾಗಿ ಏಪ್ರಿಲ್ ಕೊನೆಗೆ ರಜೆ ಸಿಕ್ಕ ಕೂಡಲೇ ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಜೈಸಲ್ಮೇರ್, ಗಡಿ ಹತ್ತಿರದ ತನೋಟ್, ಲೋಂಗೇವಾಲಾ ನೋಡಿಕೊಂಡು, ಗುಜರಾತಿನ ಉಪ್ಪು ಬಯಲು ಕಛ್ ರಣ್ ಹಾದು ವಾಪಸ್ ಬರುವ ಯೋಚನೆ ಇದೆ. ಬಿಸಿಲಿನ ಭಯ ನಮಗಿಲ್ಲ, ರಾಯಚೂರು ಜಿಲ್ಲೆಯವರು. ಗಾಡಿಗೆ ಏನೇನು ತಯಾರಿ ಬೇಕು? ಉಸುಕಿನಲ್ಲಿ ಓಡಿಸೋದು ಹೇಗೆ? ಮನೆಯಲ್ಲಿ ಅವ್ವ ಒಪ್ಪುತ್ತಿಲ್ಲ, ಅವಳಿಗೆ ಏನು ಹೇಳಲಿ?

ಉತ್ತರ: ಗಾಡಿಯ ವಿಷಯ ಆಮೇಲೆ. ಮೊದಲು ಆ ಬಿಸಿಲಿನ ಮಾತು. ಬಳ್ಳಾರಿಯಲ್ಲಿ ಗ್ಯಾರೇಜ್ ಇಟ್ಟುಕೊಂಡು ಇಪ್ಪತ್ತಾರು ವರ್ಷ ಆಯಿತು. ಥಾರ್ ಕಡೆ ನಾಲ್ಕು ಸಲ, ಕಛ್‌ಗೆ ಎರಡು ಸಲ ಗಾಡಿಯಲ್ಲೇ ಹೋಗಿ ಬಂದಿದ್ದೇನೆ. ಮೊದಲ ಸಲ ಹೊರಟಾಗ ನಾನೂ ಇದೇ ಮಾತು ಆಡಿದ್ದೆ. "ನಾವು ಬಳ್ಳಾರಿಯೋರು, ನಮಗೆ ಇರೋದೇ ಎರಡು ಕಾಲ, ಬೇಸಿಗೆ ಮತ್ತೆ ಕಡು ಬೇಸಿಗೆ" ಅಂತ ಜೋಕ್ ಹೊಡೆದುಕೊಂಡೇ ಹೊರಟಿದ್ದೆ.

ಒಂದು ಕೇಳುತ್ತೇನೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ನೀವು ಎಲ್ಲಿರುತ್ತೀರಿ? ಮನೆಯಲ್ಲಿ, ಅಂಗಡಿಯಲ್ಲಿ, ಇಲ್ಲಾ ಬೇವಿನ ಮರದ ಕೆಳಗೆ. ಹೊಲಕ್ಕೆ ಹೋಗೋರು ನಸುಕಿನಲ್ಲೇ ಹೋಗಿ ಬಿಸಿಲೇರುವ ಹೊತ್ತಿಗೆ ವಾಪಸ್ ಬಂದಿರುತ್ತಾರೆ. ಎರಡು ಮೈಲಿ ಹೋದರೆ ಚಹಾದಂಗಡಿ, ಅಲ್ಲೊಂದು ನೀರಿನ ಕೊಡ. ಬಿಸಿಲಿಗೆ ಒಗ್ಗಿರೋದು ನಮ್ಮ ದಿನಚರಿ. ಅದನ್ನು ಊರಲ್ಲೇ ಬಿಟ್ಟು, ಮೈಯನ್ನು ಮಾತ್ರ ಥಾರ್‌ಗೆ ಒಯ್ದರೆ ಮೈಗೆ ಏನೂ ಗೊತ್ತಿರಲ್ಲ. ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೀವು ಗಾಡಿ ಮೇಲೆ, ಹೆಲ್ಮೆಟ್ ಒಳಗೆ, ನೆರಳೇ ಇಲ್ಲದ ರಸ್ತೆಯಲ್ಲಿ ಇರುತ್ತೀರಿ.

ನಮ್ಮಲ್ಲಿ ಬೇಸಿಗೆ ಜೋರಾದರೆ 42, 43 ಡಿಗ್ರಿ. ಜೈಸಲ್ಮೇರ್, ಬಾಡಮೇರ್ ಕಡೆ ಮೇ ತಿಂಗಳಲ್ಲಿ 45 ದಾಟೋದು ಹೊಸತೇನಲ್ಲ. ಅಲ್ಲೇ ಪಕ್ಕದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿದೆ. ಅದು ನೆರಳಿನಲ್ಲಿ ಅಳೆದ ಗಾಳಿಯ ಲೆಕ್ಕ. ಕಾಲ ಕೆಳಗಿನ ಉಸುಕು ಮಧ್ಯಾಹ್ನ 60 ಡಿಗ್ರಿ ಮೀರುತ್ತದೆ. ಇದರ ಮೇಲೆ ಲೂ ಅನ್ನುವ ಬಿಸಿಗಾಳಿ. ಮೇ, ಜೂನ್‌ನಲ್ಲಿ ಆಂಧಿ, ಅಂದರೆ ಧೂಳಿನ ಬಿರುಗಾಳಿಯೂ ಏಳುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ನಿಮ್ಮ ಗೆಳೆಯರಿಗೆ ಬೇಜಾರಾಗುವಂಥದ್ದು. ಏಪ್ರಿಲ್ ಬಿಡಿ. ದಸರಾ ರಜೆ ಸಿಕ್ಕರೂ ಅದನ್ನೂ ಬಿಡಿ, ಅಕ್ಟೋಬರ್ ಅಲ್ಲಿ ಇನ್ನೂ ಬಿಸಿ, ರಣ್‌ನಲ್ಲಿ ಇನ್ನೂ ನೀರು ನಿಂತಿರಬಹುದು. ಡಿಸೆಂಬರ್, ಜನವರಿಯಲ್ಲಿ ಹೇಗಾದರೂ ಹತ್ತು ಹನ್ನೆರಡು ದಿನ ಹೊಂದಿಸಿ. ಆಗದಿದ್ದರೆ ಒಂದು ವರ್ಷ ತಡೆಯಿರಿ. ಉಸುಕು ಎಲ್ಲೂ ಓಡಿಹೋಗಲ್ಲ.

ಚಳಿಗಾಲ ಅಂದ ಕೂಡಲೇ ನಮ್ಮೋರಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ. ಡಿಸೆಂಬರ್ ರಾತ್ರಿ ಅಲ್ಲಿ ಏಳೆಂಟು ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಗಂಟೆಗೆ 70 ಕಿ.ಮೀ. ವೇಗದಲ್ಲಿ ಆ ಗಾಳಿ ಎದೆಗೆ ಹೊಡೆದರೆ ಬೆರಳು ಕ್ಲಚ್ ಹಿಡಿಯಲ್ಲ. ನಮ್ಮ ಮನೆಗಳಲ್ಲಿ ಸ್ವೆಟರ್ ಅಂದರೆ ಕೂಸಿಗೆ ಹಾಕೋದು, ಅಲ್ವಾ? ನನ್ನ ಸೋದರಳಿಯ ಮೊದಲ ದಿನ ಅಂಗಿಯೊಳಗೆ ಹಳೇ ಪೇಪರ್ ತುಂಬಿಕೊಂಡು ಗಾಡಿ ಓಡಿಸಿದ. ನಗಬೇಡಿ, ಅದು ಕೆಲಸ ಮಾಡುತ್ತದೆ. ಗಾಳಿ ತಡೆಯುವ ಒಂದು ಪದರ ಇದ್ದರೆ ಅರ್ಧ ಚಳಿ ಹೋದ ಹಾಗೆ.

ಹೊತ್ತಿನ ಲೆಕ್ಕವೂ ಬೇರೆ. ಜೈಸಲ್ಮೇರ್ ನಮಗಿಂತ ಎಷ್ಟೋ ಪಶ್ಚಿಮಕ್ಕಿದೆ. ಡಿಸೆಂಬರ್ ಕೊನೆಗೆ ಅಲ್ಲಿ ಏಳು ಕಾಲು ದಾಟಿದ ಮೇಲೆ ಹೊತ್ತು ಹುಟ್ಟುತ್ತದೆ. ಸಂಜೆ ಆರರ ಹೊತ್ತಿಗೆ ಮುಳುಗುತ್ತದೆ. ಹಾಗಾಗಿ ನಮ್ಮೂರಿನ ಹಾಗೆ ಬೆಳಗ್ಗೆ ಐದೂವರೆಗೆ ಹೊರಡುತ್ತೇವೆ ಅನ್ನೋದು ಬೇಡ. ಆ ಕತ್ತಲಲ್ಲಿ ಒಂಟೆ ಕಾಣಲ್ಲ. ಒಂಟೆಯ ಬಣ್ಣವೂ ಉಸುಕಿನ ಬಣ್ಣವೂ ಒಂದೇ. ಎಮ್ಮೆಗೆ ಡಿಕ್ಕಿ ಹೊಡೆದರೆ ಎಮ್ಮೆ ಬೀಳುತ್ತದೆ, ನೀವೂ ಬೀಳುತ್ತೀರಿ. ಒಂಟೆಗೆ ಹೊಡೆದರೆ ಗಾಡಿ ಅದರ ಕಾಲುಗಳ ನಡುವೆ ನುಗ್ಗುತ್ತದೆ, ಅದರ ಮೈಭಾರ ಪೂರಾ ಸವಾರನ ಎದೆ, ತಲೆಯ ಮೇಲೆ ಬೀಳುತ್ತದೆ. ಹೊತ್ತು ಮುಳುಗುವ ಒಂದು ಗಂಟೆ ಮೊದಲೇ ರೂಮು ಸೇರಿರಬೇಕು. ಇದರಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಈಗ ನೀರು, ಪೆಟ್ರೋಲ್. ಮರುಭೂಮಿ ಅಂದರೆ ಎಲ್ಲರೂ ಉಸುಕಿಗೆ ಹೆದರುತ್ತಾರೆ. ಉಸುಕಿನಲ್ಲಿ ಬಿದ್ದರೆ ಮೊಣಕಾಲು ತರಚುತ್ತದೆ, ಅಷ್ಟೇ. ಅಲ್ಲಿ ಜೀವಕ್ಕೆ ಕುತ್ತು ತರುವುದು ದೂರ. ಸಣ್ಣ ತೊಂದರೆ, ಒಂದು ಪಂಕ್ಚರ್, ಒಂದು ಕೇಬಲ್, ಜನ ಇಲ್ಲದ ಜಾಗದಲ್ಲಿ ಬಿಸಿಲು ಏರುತ್ತಾ ಏರುತ್ತಾ ದೊಡ್ಡದಾಗುತ್ತದೆ. ಆದ್ದರಿಂದ ಪ್ರತಿ ಬೆಳಗ್ಗೆ ಒಂದೇ ಲೆಕ್ಕ ಹಾಕಿ: ಇವತ್ತು ನಾವು ಹೋಗುವ ಅತಿ ದೂರದ ಜಾಗದಲ್ಲಿ ಗಾಡಿ ಕೆಟ್ಟರೆ, ರಾತ್ರಿಯೊಂದು ಅಲ್ಲೇ ಕಳೆಯೋಕೆ ನಮ್ಮ ಹತ್ತಿರ ಏನಿದೆ?

ಪೆಟ್ರೋಲ್‌ಗೆ ನಾನು ಮೂರು ಪಾಲಿನ ಲೆಕ್ಕ ಹಾಕುತ್ತೇನೆ. ಒಂದು ಪಾಲು ಹೋಗೋಕೆ, ಒಂದು ಬರೋಕೆ, ಒಂದು ದಾರಿ ತಪ್ಪೋಕೆ. ನಿಮ್ಮ ಕ್ಲಾಸಿಕ್‌ನ ಟ್ಯಾಂಕು 13 ಲೀಟರ್. ಟಾರ್ ಮೇಲೆ ಲೀಟರ್‌ಗೆ 35 ಕೊಡಬಹುದು. ಆದರೆ ಲಗೇಜು, ಎದುರು ಗಾಳಿ, ಸೆಕೆಂಡ್ ಗೇರ್ ಎಲ್ಲಾ ಸೇರಿದರೆ 28 ಅಂತ ಹಿಡಿಯಿರಿ. 364 ಕಿ.ಮೀ. ಆಯಿತು. ಅದರಲ್ಲಿ ಮೂರನೇ ಒಂದು ಪಾಲು 120. ಪಲ್ಸರ್‌ಗೆ ಟ್ಯಾಂಕು 15 ಲೀಟರ್, ಕುಡಿಯೋದೂ ಕಮ್ಮಿ. ನೋಡಿ, ದೊಡ್ಡ ಗಾಡಿ ಇಟ್ಟುಕೊಂಡವರೇ ಮೊದಲು ಬಂಕ್ ಹುಡುಕೋದು! ಜೊತೆಯಲ್ಲಿ ಹೋಗುವಾಗ ಯಾರ ಟ್ಯಾಂಕು ಮೊದಲು ಖಾಲಿಯಾಗುತ್ತದೋ ಅವರದೇ ಲೆಕ್ಕ ಇಬ್ಬರಿಗೂ.

ಜೈಸಲ್ಮೇರ್‌ನಿಂದ ರಾಮಗಢ ಅರವತ್ತು ಚಿಲ್ಲರೆ ಕಿ.ಮೀ. ಅಲ್ಲಿ ಟ್ಯಾಂಕು ಕುತ್ತಿಗೆ ತನಕ ತುಂಬಿಸಿ. ಅಲ್ಲಿಂದ ಮುಂದೆ ಬಂಕ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ರಾಮಗಢದಿಂದ ತನೋಟ್, ತನೋಟ್‌ನಿಂದ ಲೋಂಗೇವಾಲಾ, ಮತ್ತೆ ರಾಮಗಢಕ್ಕೆ. ಈ ಸುತ್ತು ನಿಮ್ಮ ಲೆಕ್ಕದೊಳಗೆ ಆರಾಮಾಗಿ ಬರುತ್ತದೆ. ಜೈಸಲ್ಮೇರ್‌ನಿಂದ ಹೊರಟು ಜೈಸಲ್ಮೇರ್‌ಗೆ ಬಂದರೆ ಹೆಚ್ಚುಕಡಿಮೆ 270 ಕಿ.ಮೀ., ಒಂದು ದಿನದ ಕೆಲಸ. ಹೆಚ್ಚಿಗೆ ಪೆಟ್ರೋಲ್ ಒಯ್ಯಲೇಬೇಕು ಅನಿಸಿದರೆ ಅದಕ್ಕೇ ಮಾಡಿದ ಲೋಹದ ಕ್ಯಾನ್ ತೆಗೆದುಕೊಳ್ಳಿ. ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಸಿ ಸೈಡ್ ಬ್ಯಾಗಿಗೆ ಹಾಕುವವರನ್ನು ನೋಡಿದ್ದೇನೆ. ಬಿಸಿಲಿಗೆ ಅದು ಬಲೂನಿನ ಹಾಗೆ ಉಬ್ಬುತ್ತದೆ. ಕೆಳಗೇ ಸೈಲೆನ್ಸರ್.

ನೀರು ಚಳಿಗಾಲದಲ್ಲೂ ತಲೆಗೆ ದಿನಕ್ಕೆ ಐದು ಲೀಟರ್. ಅದರ ಮೇಲೆ ಎರಡು ಲೀಟರ್ ಮುಟ್ಟದೇ ಇಡೋದು. ಒಂದೇ ಕ್ಯಾನ್‌ನಲ್ಲಿ ತುಂಬಬೇಡಿ. ಗಾಡಿ ಬಿದ್ದು ಕ್ಯಾನ್ ಒಡೆದರೆ ಎಲ್ಲಾ ಉಸುಕಿನ ಪಾಲು. ಒಂದೊಂದು ಲೀಟರ್‌ನ ಬಾಟಲಿಗಳಲ್ಲಿ ಹಂಚಿ, ಎರಡೂ ಗಾಡಿಗಳಲ್ಲಿ ಇಡಿ. ಬಾಟಲಿಗೆ ಒದ್ದೆ ಕಾಲುಚೀಲ ಹಾಕಿ ಗಾಳಿ ತಾಗುವ ಹಾಗೆ ಕಟ್ಟಿ. ಮಣ್ಣಿನ ಗಡಿಗೆ ತಂಪಾಗುವ ಹಾಗೇ ಅದೂ ತಂಪಾಗುತ್ತದೆ. ಒಣ ಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗಲ್ಲ, ಬಂದ ಹಾಗೇ ಆರುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಬಾಯಾರಿಕೆ ಬರಲಿ ಅಂತ ಕಾಯಬೇಡಿ. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು. ಮೂತ್ರ ಹಳದಿ ದಾಟಿ ಚಹಾ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ ಅಂತಲೇ ಅರ್ಥ.

ಬರೀ ನೀರನ್ನೇ ಕುಡಿಯುತ್ತಾ ಹೋದರೂ ಕಷ್ಟ. ಬೆವರಿನ ಜೊತೆ ಹೋದ ಉಪ್ಪು ವಾಪಸ್ ಬರಬೇಕು. ಓಆರ್‌ಎಸ್ ಪೊಟ್ಟಣ ಹತ್ತು ಹದಿನೈದು ಇರಲಿ. ಖಾಲಿಯಾದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚದ ಅಳತೆ ಅದು, ಊಟದ ಚಮಚ ಅಲ್ಲ. ಊಟಕ್ಕೆ ನಮ್ಮ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ವಾರಗಟ್ಟಲೆ ಕೆಡಲ್ಲ, ತೂಕವಿಲ್ಲ. ಆದರೆ ಒಂದು ಮಾತು, ಕಡಕ್ ರೊಟ್ಟಿ ನೀರು ಕೇಳುತ್ತದೆ. ನೀರು ಕಮ್ಮಿ ಇರುವ ಹೊತ್ತಿನಲ್ಲಿ ಅದನ್ನು ಬಿಚ್ಚಬೇಡಿ.

ಇಷ್ಟೆಲ್ಲಾ ಹೇಳಿಯೂ ನೀವು ಬಿಸಿಲುಗಾಲದಲ್ಲೇ ಹೋಗುವವರು ಅಂತ ನನಗೊಂದು ಅನುಮಾನ. ಅದಕ್ಕೇ ಇದು. ಸೆಕೆ ಅಂತ ಜಾಕೆಟ್ ಬಿಚ್ಚಬೇಡಿ. ನಮ್ಮ ಚರ್ಮದ ಶಾಖ 35 ಡಿಗ್ರಿ ಆಸುಪಾಸು. ಗಾಳಿ ಅದಕ್ಕಿಂತ ಬಿಸಿ ಇದ್ದಾಗ ಗಾಳಿಗೆ ಮೈ ಒಡ್ಡಿದರೆ ಒಲೆ ಮುಂದೆ ಕೂತು ಬೀಸಣಿಗೆ ಬೀಸಿಕೊಂಡ ಹಾಗೆ. ಹತ್ತಿಯ ಬನಿಯನ್ ಒದ್ದೆ ಮಾಡಿ, ಮೇಲೆ ಜಾಳಿಗೆಯ ಜಾಕೆಟ್ ಹಾಕಿ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿ. ಹನ್ನೊಂದರಿಂದ ನಾಲ್ಕರ ತನಕ ಎಲ್ಲಾದರೂ ನೆರಳಿಗೆ ಬಿದ್ದುಕೊಳ್ಳಿ. ಮೈ ಹೊಸ ಬಿಸಿಗೆ ಹೊಂದಿಕೊಳ್ಳೋಕೆ ಹತ್ತು ಹದಿನಾಲ್ಕು ದಿನ ಬೇಕು. ಹತ್ತು ದಿನದ ರಜೆಯಲ್ಲಿ ಹೋದವರಿಗೆ, ಮೈ ಒಗ್ಗುವ ಹೊತ್ತಿಗೆ ರಜೆ ಮುಗಿದಿರುತ್ತದೆ.

ಬಿಸಿಲು ಹೊಡೆದದ್ದು ಹೊಡೆಸಿಕೊಂಡವನಿಗೆ ಗೊತ್ತಾಗಲ್ಲ, ಜೊತೆಗಾರನಿಗೆ ಗೊತ್ತಾಗಬೇಕು. ತಲೆನೋವು, ವಾಕರಿಕೆ, ಕಾಲು ಸೆಳೆತ ಬಂದರೆ ಅಲ್ಲೇ ನಿಲ್ಲಿ, ನೆರಳು, ಉಪ್ಪು ಸಕ್ಕರೆ ನೀರು. ಸುಮ್ನೆ ಸಿಡುಕೋದು, ಕೇಳಿದ್ದನ್ನೇ ಕೇಳೋದು, ಮಾತು ತೊದಲೋದು, ಗಾಡಿ ನೇರ ಓಡಿಸದೇ ಇರೋದು ಶುರುವಾದರೆ ಅದು ಹೀಟ್ ಸ್ಟ್ರೋಕ್. ಒಳಗಿನ ಶಾಖ 40 ದಾಟಿದೆ ಅಂತ ಅರ್ಥ. ಜಾಕೆಟ್, ಬೂಟು ಬಿಚ್ಚಿ, ಇರುವ ನೀರನ್ನೆಲ್ಲಾ ಮೈ ಮೇಲೆ ಸುರಿದು, ಗಾಳಿ ಬೀಸುತ್ತಾ ಇರಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬಾರದು. 108 ರಾಜಸ್ಥಾನ, ಗುಜರಾತ್ ಎರಡರಲ್ಲೂ ಇದೆ. 112 ದೇಶದಲ್ಲೆಲ್ಲಾ ನಡೆಯುತ್ತದೆ.

ಗಾಡಿಗೆ ಬರೋಣ. ಹೊರಡುವ ಹಿಂದಿನ ದಿನ ಸರ್ವಿಸ್ ಮಾಡಿಸಬೇಡಿ. ಎರಡು ವಾರ ಮೊದಲು ಮಾಡಿಸಿ, ಲಗೇಜು ಕಟ್ಟಿಕೊಂಡು ಮುನ್ನೂರು ಕಿ.ಮೀ. ಓಡಿಸಿ. ಮೆಕ್ಯಾನಿಕ್‌ಗಳೂ ಮನುಷ್ಯರೇ. ಒಮ್ಮೆ ನನ್ನ ಕೈಯಲ್ಲೇ ಒಂದು ಗಾಡಿಯ ಆಯಿಲ್ ಡ್ರೈನ್ ಬೋಲ್ಟು ಸಡಿಲ ಉಳಿದಿತ್ತು. ಪುಣ್ಯಕ್ಕೆ ಆ ಹುಡುಗ ಗಂಗಾವತಿ ತನಕ ಸುಮ್ನೆ ಒಂದು ಸುತ್ತು ಹೋದ, ಇಂಜಿನ್ ಕೆಳಗೆ ಎಣ್ಣೆ ಜಿನುಗೋದು ಕಂಡಿತು. ಅದೇ ಅವನು ಸೀದಾ ದೂರದ ಊರಿಗೆ ಹೊರಟಿದ್ದರೆ?

ಧೂಳಿನ ವಿಷಯ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಂಡೂರು ಗಣಿ ಕಡೆಯಿಂದ ಬಂದ ಗಾಡಿಯ ಏರ್ ಫಿಲ್ಟರ್ ತೆಗೆದರೆ ಕುಂಕುಮದ ಡಬ್ಬಿ ತೆಗೆದ ಹಾಗಿರುತ್ತದೆ. ಮರುಭೂಮಿಯ ದಪ್ಪ ಉಸುಕಿಗಿಂತ, ಜೀಪು ಓಡಾಡಿ ಹಿಟ್ಟಾದ ದಾರಿಯ ನುಣ್ಣನೆ ಧೂಳು ಇಂಜಿನ್‌ಗೆ ಕೆಟ್ಟದ್ದು. ಹೊಸ ಫಿಲ್ಟರ್ ಹಾಕಿಸಿ, ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟುಕೊಳ್ಳಿ. ಪೇಪರ್ ಫಿಲ್ಟರ್‌ಗೆ ಎಣ್ಣೆ ಹಚ್ಚಬೇಡಿ. ಒಬ್ಬರ ಹಿಂದೆ ಒಬ್ಬರು ಧೂಳು ಕುಡಿಯುತ್ತಾ ಹೋಗಬೇಡಿ, ಮುಂದಿನವನ ಧೂಳು ಕೂರುವಷ್ಟು ದೂರ ಇರಲಿ.

ಚೈನ್‌ಗೆ ಜಾಸ್ತಿ ಗ್ರೀಸು ಬಳಿಯೋದು ನಮ್ಮ ಕಡೆ ರೂಢಿ. ಅಲ್ಲಿ ಅದು ತಪ್ಪು. ಗ್ರೀಸಿಗೆ ಉಸುಕು ಅಂಟಿ ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ, ಸಾವಿರ ಕಿ.ಮೀ.ನಲ್ಲಿ ಸ್ಪ್ರಾಕೆಟ್ ಹಲ್ಲು ಗರಗಸದ ಹಾಗಾಗುತ್ತದೆ. ಸಂಜೆ ಸೀಮೆಎಣ್ಣೆಯಲ್ಲಿ ಒರೆಸಿ, ಒಣಗುವಂಥ ಚೈನ್ ಸ್ಪ್ರೇ ತೆಳ್ಳಗೆ ಹೊಡೆದು, ಮೇಲಿನದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಪೆಟ್ರೋಲ್‌ನಲ್ಲಿ ತೊಳೆಯಬೇಡಿ, ಚೈನ್ ಒಳಗಿನ ರಬ್ಬರ್ ಹಾಳಾಗುತ್ತದೆ. ಜೊತೆಗೆ ಚೈನ್ ಲಾಕ್ ಒಂದು, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಕ್ಲಚ್ ಲಿವರ್, ಫ್ಯೂಸ್, ಎಂ-ಸೀಲ್, ಬೈಂಡಿಂಗ್ ವೈರು. ಚಕ್ರ ಬಿಚ್ಚುವ ಪಾನಾ ಇದೆಯಾ ಅಂತ ಮನೆಯಲ್ಲೇ ಒಮ್ಮೆ ಬಿಚ್ಚಿ ಜೋಡಿಸಿ ನೋಡಿ. ಕಂಪನಿ ಕೊಟ್ಟ ಟೂಲ್ ಕಿಟ್ ನಂಬಿಕೊಂಡು ಹೋಗಬೇಡಿ.

ಪಂಕ್ಚರ್ ಆಗಿಯೇ ಆಗುತ್ತದೆ. ಯಾಕೆ ಗೊತ್ತಾ? ನಮ್ಮ ಬಳ್ಳಾರಿ ಜಾಲಿ ಅಲ್ಲೂ ಇದೆ! ನಾವು ನಮ್ಮೂರ ಹೆಸರಿಟ್ಟು ಕರೆಯುವ ಆ ಮುಳ್ಳುಕಂಟಿ ದೂರದ ಅಮೆರಿಕ ಖಂಡದ್ದು. ರಾಜಸ್ಥಾನದಲ್ಲಿ ಅದನ್ನು ವಿಲಾಯ್ತಿ ಬಬೂಲ್ ಅನ್ನುತ್ತಾರೆ, ಕಛ್‌ನಲ್ಲಿ ಗಾಂಡೋ ಬಾವಳ್, ಅಂದರೆ ಹುಚ್ಚು ಜಾಲಿ. ಮುಳ್ಳು ಟೈರಿನೊಳಗೆ ಮುರಿದು ಉಳಿಯುತ್ತದೆ, ಹೊರಗೆ ಏನೂ ಕಾಣಲ್ಲ. ಹೊಸ ಟ್ಯೂಬ್ ಹಾಕಿ ಹತ್ತು ಕಿ.ಮೀ. ಹೋಗುವಷ್ಟರಲ್ಲಿ ಮತ್ತೆ ಹವಾ ಇಳಿಯುತ್ತದೆ. ಟೈರಿನ ಒಳಗೆ ಬಟ್ಟೆಯ ತುಂಡನ್ನು ನಿಧಾನಕ್ಕೆ ಸುತ್ತ ಆಡಿಸಿ, ಮುಳ್ಳಿದ್ದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳು ಆಡಿಸಿದರೆ ಬೆರಳಿಗೇ ಪಂಕ್ಚರ್. ನಿಮ್ಮ ಕ್ಲಾಸಿಕ್‌ಗೆ ಕಡ್ಡಿ ಚಕ್ರ ಇದ್ದರೆ ಟ್ಯೂಬ್ ಟೈರು, ಹಿಂದಕ್ಕೊಂದು ಮುಂದಕ್ಕೊಂದು ಟ್ಯೂಬ್ ಒಯ್ಯಬೇಕು. ಅವರ ಪಲ್ಸರ್ ಟ್ಯೂಬ್‌ಲೆಸ್ ಆಗಿದ್ದರೆ ಬತ್ತಿ ತುರುಕುವ ಕಿಟ್ ಸಾಕು. ಕಾಲಿನಿಂದ ಒತ್ತುವ ಪಂಪು ಇಬ್ಬರಿಗೂ ಸೇರಿ ಒಂದು ಬೇಕೇ ಬೇಕು.

ಆ ಪಂಪು ಇದ್ದರೆ ಮಾತ್ರ ಉಸುಕಿನ ಮಾತು. ಟಾರ್ ಮೇಲೆ ಕಂಪನಿ ಹೇಳಿದಷ್ಟೇ ಹವಾ. ಬಿಸಿಯಾದ ಟೈರಿನಲ್ಲಿ ಜಾಸ್ತಿ ತೋರಿಸಿತು ಅಂತ ಬಿಡಬೇಡಿ, ತಣ್ಣಗಾದ ಮೇಲೆ ಕಮ್ಮಿಯಾಗುತ್ತದೆ. ಉಸುಕು ದಾಟಬೇಕಾದರೆ 18 ಪಿಎಸ್‌ಐ ಹತ್ತಿರಕ್ಕೆ ಇಳಿಸಿ. ಟೈರು ಚಪ್ಪಟೆಯಾಗಿ ಒಂಟೆ ಪಾದದ ಹಾಗೆ ಅಗಲ ಹರಡುತ್ತದೆ, ಹೂತು ಹೋಗಲ್ಲ. ಅದಕ್ಕಿಂತ ಕೆಳಗೆ ಹೋದರೆ ಟೈರು ರಿಮ್ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತು ಬರುತ್ತದೆ. ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಿ.

ಓಡಿಸೋದು ಹೀಗೆ. ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಿ, ಭಾರ ಸ್ವಲ್ಪ ಹಿಂದಕ್ಕೆ, ಸೆಕೆಂಡ್ ಗೇರ್, ಆಕ್ಸಿಲರೇಟರ್ ಒಂದೇ ಸಮ. ಹ್ಯಾಂಡಲ್ ಹಾವಿನ ಹಾಗೆ ಆಡುತ್ತದೆ, ಆಡಲಿ ಬಿಡಿ. ಬಿಗಿ ಹಿಡಿದರೆ ಬೀಳುತ್ತೀರಿ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ದೂರ ಇರಲಿ. ಮುಂದಿನ ಬ್ರೇಕ್ ಮರೆತುಬಿಡಿ. ಬೆಳಗಿನ ತಂಪಿನಲ್ಲಿ ಉಸುಕು ಸ್ವಲ್ಪ ಗಟ್ಟಿ, ಮಧ್ಯಾಹ್ನ ರವೆ ಹಾಗೆ ಸಡಿಲ. ಕಲಿಯೋಕೆ ಜೈಸಲ್ಮೇರ್ ತನಕ ಹೋಗಬೇಕಿಲ್ಲ. ಬೇಸಿಗೆಯಲ್ಲಿ ತುಂಗಭದ್ರೆ ಸೊರಗಿದಾಗ ದಂಡೆಯ ಉಸುಕಿನಲ್ಲಿ ಎರಡು ಭಾನುವಾರ ಬಿದ್ದು ಎದ್ದು ಬನ್ನಿ. ನೀರಿನ ಹತ್ತಿರ ಮಾತ್ರ ಹೋಗಬೇಡಿ. ಆದರೆ ನೆನಪಿರಲಿ, ನೀವು ಹೋಗುವ ದಾರಿಯೆಲ್ಲಾ ಟಾರು. ಟಾರಿನ ಮೇಲೆ ನಿಜವಾದ ಅಪಾಯ ತಿರುವಿನಲ್ಲಿ ಗಾಳಿ ತಂದು ಹಾಸಿದ ಒಂದು ಹಿಡಿ ದಪ್ಪದ ಉಸುಕು. 80ರಲ್ಲಿ ಬಂದವನಿಗೆ ಅದು ಎಣ್ಣೆ ಚೆಲ್ಲಿದ ಹಾಗೆ.

ಟಾರು ಬಿಟ್ಟು ಇಳಿದವರ ಕತೆ ನನ್ನದೇ ಇದೆ. ಫೆಬ್ರವರಿ ತಿಂಗಳು. ಲೋಂಗೇವಾಲಾದಿಂದ, ಜೈಸಲ್ಮೇರ್ ಹತ್ತಿರ ಉಸುಕಿನ ದಿಬ್ಬಗಳಿರುವ ಸಮ್ ಊರಿನ ಕಡೆ ಬರುತ್ತಿದ್ದೆವು, ನಾನು ಮತ್ತು ಸೋದರಳಿಯ. ಫೋನಿನ ಮ್ಯಾಪ್ ಒಂದು ಅಡ್ಡದಾರಿ ತೋರಿಸಿತು, ಹದಿನಾಲ್ಕು ಕಿ.ಮೀ. ಉಳಿತಾಯ. ಇಳಿದೆವು. ಆರುನೂರು ಮೀಟರ್ ಹೋಗಿರಬೇಕು, ನನ್ನ ಗಾಡಿ ಹೂತಿತು. ನಾನು ಮೆಕ್ಯಾನಿಕ್, ಬೇರೆಯವರಿಗೆ ಪಾಠ ಹೇಳುವವನು. ಆದರೂ ಗಾಬರಿಯಲ್ಲಿ ಆಕ್ಸಿಲರೇಟರ್ ತಿರುವಿದೆ. ಹಿಂದಿನ ಚಕ್ರ ತನ್ನ ಗುಂಡಿ ತಾನೇ ತೋಡಿಕೊಂಡು ಏಕ್ಸಲ್ ತನಕ ಇಳಿಯಿತು. ಕೂದಲು ಸುಟ್ಟ ಹಾಗೆ ವಾಸನೆ ಬಂತು, ಕ್ಲಚ್ ಪ್ಲೇಟು ಹೋಯಿತು. ಇಬ್ಬರ ನಡುವೆ ನೀರು ಮುಕ್ಕಾಲು ಬಾಟಲಿ, ಸಮ್‌ನಲ್ಲಿ ತುಂಬಿಸಿಕೊಂಡರಾಯಿತು ಅಂತ ಬೆಳಗ್ಗೆ ಅಂದುಕೊಂಡಿದ್ದೆವು. ಒಂದು ಗಂಟೆ ಆದ ಮೇಲೆ ಆಡು ಕಾಯುವ ಮುದುಕರೊಬ್ಬರು ಬಂದರು. ಗಾಡಿ ಕಡೆ ನೋಡಲೂ ಇಲ್ಲ. "ಪಾನಿ ಕಿತ್ನಾ ಹೈ?" ಅಂದರು. ಬಾಟಲಿ ತೋರಿಸಿದೆ. ನಮ್ಮನ್ನು ಬೈದರೋ ಆಡನ್ನು ಬೈದರೋ ಗೊತ್ತಾಗಲಿಲ್ಲ. ಕಂಟಿ ಕಡಿದು ಚಕ್ರದ ಕೆಳಗೆ ಹಾಸಿ, ಮೂವರೂ ಸೇರಿ ಎಳೆದು ತಂದೆವು. ಆಮೇಲೆ ಜೀಪಿಗೆ ಕೊಟ್ಟ ದುಡ್ಡಿನಲ್ಲಿ ಆ ಹದಿನಾಲ್ಕು ಕಿ.ಮೀ.ಯನ್ನು ನೂರು ಸಲ ಸುತ್ತಬಹುದಿತ್ತು.

ಹೂತರೆ ಆಕ್ಸಿಲರೇಟರ್ ಬಿಡಿ. ಇಂಜಿನ್ ಆಫ್ ಮಾಡಿ, ಲಗೇಜು ಇಳಿಸಿ, ಗಾಡಿಯನ್ನು ಪಕ್ಕಕ್ಕೆ ಮಲಗಿಸಿ. ಚಕ್ರ ಮೇಲೆ ಬರುತ್ತದೆ. ಗುಂಡಿ ಮುಚ್ಚಿ, ತುಳಿದು, ಗಾಡಿ ಎಬ್ಬಿಸಿ. ಹವಾ ಇಳಿಸಿ, ಪಕ್ಕದಲ್ಲಿ ನಡೆಯುತ್ತಾ ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ತೆಗೆಯಿರಿ. ಸೈಡ್ ಸ್ಟ್ಯಾಂಡ್ ಕೆಳಗೆ ಇಡೋಕೆ ಒಂದು ಚಪ್ಪಟೆ ತಗಡು ಇರಲಿ.

ಗಾಡಿ ಪೂರಾ ಕೈಕೊಟ್ಟರೆ ಇಬ್ಬರೂ ಅದರ ಹತ್ತಿರವೇ ಇರಿ. ದೂರದಲ್ಲಿ ಕಂಡ ಊರು ಹತ್ತಿರ ಅನಿಸುತ್ತದೆ, ಇರಲ್ಲ. ತಾಡಪತ್ರಿಯೊಂದನ್ನು ಎರಡು ಗಾಡಿಗಳ ನಡುವೆ ಕಟ್ಟಿ ನೆರಳು ಮಾಡಿ. ನೆಲದ ಮೇಲೆ ಕೂರಬೇಡಿ, ಬ್ಯಾಗ್ ಮೇಲೆ ಕೂರಿ. ನೆಲದಿಂದ ಒಂದಡಿ ಮೇಲೆಯೇ ಎಷ್ಟೋ ತಂಪು. ಗಾಡಿಯ ಕನ್ನಡಿ ಬಿಚ್ಚಿ ಬಿಸಿಲಿಗೆ ಹಿಡಿದರೆ ದೂರದ ಲಾರಿಯವನಿಗೂ ಕಾಣುತ್ತದೆ. ರಾತ್ರಿ ಕಳೆದರೆ ಬೆಳಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ಗರಗಸಮಂಡಲ ಅನ್ನುವ ವಿಷದ ಹಾವು ಅಲ್ಲಿ ಜಾಸ್ತಿ. ಕಚ್ಚಿದರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಅಲುಗಾಡದ ಹಾಗೆ ಆಸ್ಪತ್ರೆಗೆ ಸಾಗಿಸಬೇಕು, ಅಷ್ಟೇ. ಆಂಧಿ ಬಂದರೆ ರಸ್ತೆಯಿಂದ ಪೂರಾ ಕೆಳಗಿಳಿದು ಲೈಟು ಆರಿಸಿ. ಹಿಂದಿನ ಕೆಂಪು ದೀಪ ನೋಡಿ, ಅದೇ ರಸ್ತೆ ಅಂದುಕೊಂಡು ಲಾರಿ ನಿಮ್ಮ ಮೇಲೇ ಬರಬಹುದು.

ಇನ್ನೊಂದು ವಿಷಯ ನಿಮ್ಮ ವಯಸ್ಸಿನವರಿಗೆ ಹೇಳಲೇಬೇಕು. ವಿದೇಶದ ವಿಡಿಯೋ ನೋಡಿ ಸ್ಯಾಟಲೈಟ್ ಫೋನು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್ ಥರದ ಯಂತ್ರ ತರಿಸಿಕೊಳ್ಳಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳೋದು ನಮ್ಮ ದೇಶದಲ್ಲಿ ಅಪರಾಧ. ಅದೂ ಪಾಕಿಸ್ತಾನ ಗಡಿಯ ಪಕ್ಕ! ಡ್ರೋನ್ ಕೂಡ ಮನೆಯಲ್ಲೇ ಇರಲಿ. ಬೇರೆ ಬೇರೆ ಕಂಪನಿಯ ಎರಡು ಸಿಮ್, ಫೋನಿನಲ್ಲಿ ಇಳಿಸಿಕೊಂಡ ಮ್ಯಾಪ್, ಒಂದು ಪವರ್ ಬ್ಯಾಂಕ್, ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್ ಕಾಗದದ ಪ್ರತಿ, ಇಷ್ಟು ಸಾಕು. ತನೋಟ್ ಮಾತಾ ಗುಡಿಯನ್ನು ಬಿಎಸ್‌ಎಫ್‌ನವರೇ ನೋಡಿಕೊಳ್ಳುತ್ತಾರೆ. ಅಲ್ಲಿಗೂ, 1971ರ ಡಿಸೆಂಬರ್‌ನಲ್ಲಿ ಯುದ್ಧ ನಡೆದ ಲೋಂಗೇವಾಲಾಕ್ಕೂ ನಾವು ಹೋಗಬಹುದು. ತನೋಟ್‌ನಿಂದ ಆಚೆ ಗಡಿ ಕಂಬದ ಕಡೆ ಹೋಗೋಕೆ ಅವರ ಅನುಮತಿ ಬೇಕು. ಪೋಖ್ರಣ್ ಸುತ್ತ ಸೇನೆಯ ಗುಂಡು ಹಾರಿಸುವ ಮೈದಾನಗಳಿವೆ. ಬಿದ್ದ ಕಬ್ಬಿಣದ ತುಂಡು ನೆನಪಿಗೆ ಅಂತ ಎತ್ತಿಕೊಳ್ಳಬೇಡಿ.

ಹುಲ್ಲುಗಾವಲಿನಲ್ಲೂ ಗಾಡಿ ಇಳಿಸಬೇಡಿ. ನಮ್ಮ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿಗೆ ದೇಶದಲ್ಲಿ ಉಳಿದ ದೊಡ್ಡ ನೆಲೆ ಅದೇ ಜೈಸಲ್ಮೇರ್. ಅದು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ.

ಕಛ್ ರಣ್ ಬಗ್ಗೆ ಚಿಕ್ಕದಾಗಿ. ಎರೆ ಹೊಲಕ್ಕೆ ಮಳೆಯಾದ ಮರುದಿನ ಗಾಡಿ ಇಳಿಸಿದ್ದೀರಾ? ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಚಕ್ರವೇ ತಿರುಗಲ್ಲ, ಕಡ್ಡಿ ಹಾಕಿ ಕೆರೆಯಬೇಕು. ರಣ್ ಅದರ ಅಣ್ಣ. ಮೇಲೆ ಹಾಲಿನ ಕೆನೆ ಹಾಗೆ ಬಿಳಿ ಉಪ್ಪು, ಕೆಳಗೆ ಕೆಸರು. ಕಾಲಿಟ್ಟರೆ ಗಟ್ಟಿ ಅನಿಸಿದ ಜಾಗ ಇನ್ನೂರು ಕೆ.ಜಿ. ಗಾಡಿಗೆ ಗಟ್ಟಿ ಇರಬೇಕಿಲ್ಲ. ರಣ್ ಮೇಲೆ ಓಡಿಸುವ ಆಸೆ ಬಿಡಿ. ಖಾವಡಾದಿಂದ ಧೋಲಾವೀರಾಕ್ಕೆ ರಣ್ ನಡುವೆಯೇ ಟಾರ್ ರಸ್ತೆ ಇದೆ, ಎರಡೂ ಕಡೆ ಬಿಳುಪು. ಅದಕ್ಕಿಂತ ಬೇಕೇನು? ಧೋರ್ಡೋ ಕಡೆಯ ಬಿಳಿ ರಣ್‌ಗೆ ಪರ್ಮಿಟ್ ಬೇಕು, ಮೊದಲೇ ಮಾಡಿಸಿಕೊಳ್ಳಿ. ಅಲ್ಲಿಂದ ಬಂದ ದಿನವೇ ಸಿಹಿ ನೀರಿನಲ್ಲಿ ಗಾಡಿ ತೊಳೆಯಿರಿ. ಚಕ್ರದ ಕಡ್ಡಿಗೂ ಬ್ರೇಕ್ ಡಿಸ್ಕ್‌ಗೂ ಉಪ್ಪು ಹಿಡಿದರೆ ಊರಿಗೆ ಬರುವಷ್ಟರಲ್ಲಿ ತುಕ್ಕು.

ಅವ್ವನ ಮಾತು ಕೊನೆಗೆ ಇಟ್ಟುಕೊಂಡೆ. "ಏನೂ ಆಗಲ್ಲವ್ವ" ಅನ್ನಬೇಡಿ, ಅದು ಅವಳಿಗೆ ಸಮಾಧಾನ ತರಲ್ಲ. ಕೆಲಸ ಕೊಡಿ. ಒಂದು ಹಾಳೆಯಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ಎಲ್ಲಿಂದ ಎಲ್ಲಿಗೆ, ಯಾವ ದಾರಿ, ರಾತ್ರಿ ತಂಗುವ ಜಾಗದವರ ಫೋನು, ಎರಡೂ ಗಾಡಿಯ ನಂಬರು. ಇದೇ ಹಾಳೆಯ ಫೋಟೋ ಜೈಸಲ್ಮೇರ್‌ನಲ್ಲಿ ನೀವು ಇಳಿದುಕೊಂಡ ಕಡೆಯವರಿಗೂ ಕೊಡಿ. ದಿನಾ ಸಂಜೆ ಏಳಕ್ಕೆ ನೀವು ಫೋನ್ ಮಾಡಬೇಕು. ಏಳೂವರೆಗೂ ಬರಲಿಲ್ಲ ಅಂದರೆ ಅವ್ವ ತಂಗುವ ಜಾಗದವರಿಗೆ ಮಾಡಬೇಕು, ಒಂಬತ್ತಾದರೂ ಸುದ್ದಿ ಇಲ್ಲದಿದ್ದರೆ ಅವರು ಅಲ್ಲಿನ ಪೊಲೀಸರಿಗೆ ತಿಳಿಸಬೇಕು. ಅವಳಿಗೆ ಹಿಂದಿ ಬರಲ್ಲ ಅಂದರೆ ಪಕ್ಕದ ಮನೆಯ ಯಾರಾದರೂ ಮಾತಾಡುವವರನ್ನು ಈಗಲೇ ಗೊತ್ತು ಮಾಡಿ. ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ನಂಬರ್ ದಪ್ಪಗೆ ಬರೆಯಿರಿ. ಕನ್ನಡಕ ಇಲ್ಲದೇ ಓದೋಕೆ ಬರುತ್ತದಾ ಅಂತ ಅವಳ ಕೈಯಲ್ಲೇ ಒಮ್ಮೆ ಡಯಲ್ ಮಾಡಿಸಿ ನೋಡಿ.